ಬೇಸಿಗೆಯ ಹೊಳೆಯ ನೀರು

ಗೆಳತಿ,

ಇದನ್ನು ನಿನಗೆ ಕಳಿಸುವುದಿಲ್ಲ, ಆದರೂ ಹೇಳದೆ ಇರಲಾಗುತ್ತಿಲ್ಲ. ನಿನ್ನ ಹೊಸ ಜೊತೆಗಾತಿ ಇವತ್ತು ನಮ್ಮ ಲ್ಯಾಬಿಗೆ ಬಂದಿದ್ದಳು. ನಾನು ಇಲ್ಲಿ ಸೇರಿಕೊಂಡಿರುವುದು ನಿನಗೆ ಗೊತ್ತಿಲ್ಲವಲ್ಲ. ಹಿಮದ ಬೆಟ್ಟಗಳ ಕೆಳಗೆ ನಾವಿಬ್ಬರೂ ಜೊತೆಯಾಗಿ ಅಲೆದ ಆ ಹೊಳೆಗೆ ಸೇರುವ ಮೂರು ಉಪನದಿಗಳಲ್ಲಿ ಮಳೆಗಾಲದಲ್ಲೂ ಬೇಸಿಗೆಯಲ್ಲೂ ತುಂಬಿಸಿದ ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಅವಳ ಮೈಮೇಲೆ ನಿನ್ನ ನೀಲಿ ಜರ್ಕಿನ್! ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದಾಗಲೂ ನೀನು ಅದನ್ನು ಬಿಚ್ಚಿಕೊಟ್ಟವಳಲ್ಲ.

"ಬೇಸಿಗೇಲಿ ಹೊಳೆಗೆ ಬರೋದು ಬೆಟ್ಟದ ಹಿಮ ಕರಗಿದ ನೀರು ಅಂತಾರಲ್ಲ ಮೇಡಂ, ಅದು ಸುಳ್ಳು. ಹಿಂದಿನ ವರ್ಷಗಳ ಮಳೆನೀರು ನೆಲದೊಳಗಿಂದ ಒಸರಿ ಬರುತ್ತೆ. ಇದು ನಮ್ಮಕ್ಕನ ಊಹೆ," ಅಂದಳು.

ನಮ್ಮಕ್ಕನ, ಅಂದರೆ ನಿನ್ನ ಊಹೆಯಂತೆ! ಆ ಮಾತನ್ನು ಸಂಗಮದ ಬಂಡೆ ಮೇಲೆ ಕೂತು ಮೊದಲು ಆಡಿದವಳು ನಾನು. ಆವತ್ತು ನೀನು ಬಿದ್ದು ಬಿದ್ದು ನಕ್ಕಿದ್ದೆ.

ಮಳೆನೀರು ಯಾವುದು, ಹಿಮದ ನೀರು ಯಾವುದು ಅಂತ ಹೇಳುವ ಯಂತ್ರದ ಮುಂದೆ ಕೂತು, ಇದು ಹಿಮದ ನೀರೇ ಆಗಿರಲಿ, ನಿಮ್ಮಿಬ್ಬರ ಮೂತಿಯೂ ಸಪ್ಪಗಾಗಲಿ ಅಂತ ಬೇಡಿಕೊಂಡೆ. ನನ್ನದೇ ಮಾತು ಸುಳ್ಳಾಗಲಿ ಅಂತ ಬೇಡಿಕೊಂಡೆ ಕಣೇ.

ಸುಳ್ಳಾಗಲಿಲ್ಲ. ಬೇಸಿಗೆಯ ಬಾಟಲಿಗಳಲ್ಲಿ ಹೆಚ್ಚುಪಾಲು ಹಳೇ ಮಳೆಯ ನೀರೇ ಇತ್ತು.

ಸಂಜೆ ಅದನ್ನು ಹೇಳಿದ ಕೂಡಲೇ ಅವಳು ಕುಣಿದಾಡಿ, ನನ್ನೆದುರೇ ನಿನಗೆ ಫೋನ್ ಮಾಡಿದಳು. "ಅಕ್ಕಾ, ಗೆದ್ವಿ!" ನಿನ್ನ ನಗು ನನಗೂ ಕೇಳಿಸಿತು. ಆಮೇಲೆ "ಪರೀಕ್ಷೆ ಮಾಡಿದ್ದು ಯಾರೇ?" ಅಂದದ್ದೂ ಕೇಳಿಸಿತು. ಅವಳು ಫೋನಿಗೆ ಕೈ ಅಡ್ಡ ಹಿಡಿದು, "ನಿಮ್ಮ ಹೆಸರೇನು ಮೇಡಂ?" ಅಂದಳು.

"ಲ್ಯಾಬಿನವರು ಅಂತ ಹೇಳಮ್ಮ, ಸಾಕು," ಅಂದೆ.

ಅವಳು ಹಾಗೇ ಅಂದಳು. ನೀನೂ ಮತ್ತೆ ಕೇಳಲಿಲ್ಲ.