ಗೋಡೆಯಾಚೆಯ ಪಾಠ

ಸೂಪರಿಂಟೆಂಡೆಂಟ್ ಮೇಡಂ ಅವರ ಸನ್ನಿಧಾನಕ್ಕೆ, ಮಹಿಳಾ ವಿಭಾಗದ ಕೈದಿ ಹೊಲಿಗೆಯವಳು ತಲೆಬಾಗಿ, ಆದರೆ ದನಿ ತಗ್ಗಿಸದೆ ಬರೆದ ಸಮಜಾಯಿಷಿ.

ಹೌದು, ಕೆಟ್ಟು ನಿಂತಿದ್ದ ನೀರಿನ ಪಂಪನ್ನು ಅಪ್ಪಣೆಯಿಲ್ಲದೆ, ಹೊಲಿಗೆ ಮಿಷನ್ನಿನ ಸ್ಪ್ಯಾನರಿನಿಂದ ಬಿಚ್ಚಿ ಸರಿಮಾಡಿದವಳು ನಾನೇ. ಮೂರು ದಿನ ತಮ್ಮ ಕೊಠಡಿಗೆ ಕ್ಯಾನಿನಲ್ಲಿ ನೀರು ಬಂತು. ನಮ್ಮ ನಲವತ್ತು ಹೆಂಗಸರಿಗೆ ಅದೂ ಇರಲಿಲ್ಲ. ಕಾವಲಿನ ಅಕ್ಕ, "ಸೂಜಿ ಹಿಡಿಯೋ ಕೈಗೆ ಮೋಟಾರು ಯಾಕೆ ಬೇಕಿತ್ತೇ? ಯಾರು ಕಲಿಸಿದ್ದು?" ಎಂದು ಗದರಿದರು. "ಗೋಡೆ ಕಲಿಸ್ತು ಅಕ್ಕಾ" ಅಂದೆ. ಉಡಾಫೆಯ ಉತ್ತರ ಎಂದು ಬರೆದುಕೊಂಡರು.

ಅದು ಉಡಾಫೆಯಲ್ಲ. ಗೋಡೆಯ ಆಚೆ ಗಂಡಸರಿಗೆ ಮೋಟಾರು ರಿಪೇರಿಯ ತರಗತಿ. ಈಚೆ ನಮಗೆ ಹೊಲಿಗೆ, ಅದು ಮುಗಿದರೆ ಮತ್ತೆ ಹೊಲಿಗೆ. ಆಚೆಯ ಮೇಷ್ಟರದು ಸಿಡಿಲಿನಂಥ ಗಂಟಲು. ವರ್ಷವಿಡೀ ಕಾಜಾ ಹೊಲಿಯುತ್ತಲೇ ಅವರ ಪಾಠ ಕೇಳಿಸಿಕೊಂಡೆ.

ಹೊರಗೆ ನನ್ನ ಒಡಹುಟ್ಟಿದ ಅಕ್ಕನ ಪಂಪು ರಿಪೇರಿ ಅಂಗಡಿಯಲ್ಲಿ ಕೆಲಸ ಕಾದಿದೆ. ಆ ತರಗತಿಯ ಸರ್ಟಿಫಿಕೇಟ್ ಇದ್ದರೆ ಸನ್ನಡತೆಯ ಮೇಲೆ ಈ ತಿಂಗಳೇ ಬಿಡುಗಡೆ. ತಪ್ಪು ದಾಖಲಾದರೆ ಇನ್ನೆರಡು ವರ್ಷ ಇಲ್ಲೇ. ಗುರುವಾರ ಗಂಡಸರ ಪರೀಕ್ಷೆಗೆ ನನ್ನನ್ನೂ ಕೂರಿಸಿ. ಫೇಲಾದರೆ ತಪ್ಪು ದಾಖಲಿಸಿಕೊಳ್ಳಿ, ತಕರಾರಿಲ್ಲ.

ಈ ವಿಷಯದಿಂದ ಕೈ ತೊಳೆದುಕೊಳ್ಳುವ ಮೊದಲು, ಮೇಡಂ, ತಮ್ಮ ಕೊಠಡಿಯ ನಲ್ಲಿ ತಿರುಗಿಸಿ ನೋಡಿ. ಆ ನೀರೂ ಅದೇ ಪಂಪಿನದು.

ಇಂತಿ,
ಹೊಲಿಗೆಯಲ್ಲಿ ಮೂರು ಸಲ ಪಾಸಾದವಳು