ಕಾಲುಂಗುರದ ಮೇಲೆ ಹಸಿರು ಚುಕ್ಕೆ

ಜುಲೈ 14, ಸೋಮವಾರ. ಕಮಲಾಪುರ

ಪೂಜೆ ಆಯಿತು. ಶುಗರ್ ಮಾತ್ರೆ ಆಯಿತು. ಎಡ ಹಿಮ್ಮಡಿಯ ಹುಣ್ಣು ಹಾಗೇ ಇದೆ. ಸೊಸೆ ಸುನಂದಾ ಇಲ್ಲಿಯ ಆಸ್ಪತ್ರೆಯಲ್ಲೇ ನರ್ಸ್. ಅಲ್ಲಿಗೆ ಬನ್ನಿ ಎಂದಳು, ತಲೆ ತಗ್ಗಿಸಿಕೊಂಡೇ. ಈ ಮನೆಯಲ್ಲಿ ಹಿರಿಯರ ಮುಖ ನೋಡಿ ಮಾತಾಡುವುದಿಲ್ಲ. ನಾನೇ ಕಲಿಸಿದ್ದು. ಸೊಸೆಯ ಮುಂದೆ ಕಾಲು ಚಾಚುವುದೇ? ಆಗದು ಎಂದೆ.

ಯಜಮಾನರು ನಕ್ಕರು. "ಹಬ್ಬಕ್ಕ ಅಕಿ ನಮಸ್ಕಾರ ಮಾಡುವಾಗ ಚಾಚ್ತಿ. ಈಗೇನಾಗ್ಯಾದ ನಿನಗ?"

ಸೀರೆಯ ಅಂಚು ಎಳೆದು ಕಾಲು ಮುಚ್ಚಿಕೊಂಡೆ.

ಜುಲೈ 17, ಗುರುವಾರ. ಸಂಜೆ

ಬೆಳಿಗ್ಗೆ ಜ್ವರ. ಹೋಗಲೇಬೇಕಾಯಿತು.

ಏನು ನೋಡಿಬಂದೆ! ಸುನಂದಾ ದಪ್ಪನೆಯ ಕನ್ನಡಕ ಹಾಕಿಕೊಂಡಳು. ಅದರಲ್ಲಿ ಕ್ಯಾಮೆರಾ. ಅವಳು ಇಲ್ಲಿ ನನ್ನ ಕಾಲು ನೋಡಿದರೆ ಕಲಬುರಗಿಯಲ್ಲಿ ಕುಳಿತ ದೊಡ್ಡ ಡಾಕ್ಟರು ಅಂಬರೀನ್ ಅವರಿಗೂ ಕಾಣುತ್ತದೆ. ಗೋಡೆಯ ಟಿವಿಯಲ್ಲಿ ನನಗೂ ಕಂಡಿತು. ಅಷ್ಟೇ ಅಲ್ಲ — ಸುನಂದಾಳ ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಹಸಿರು ಚುಕ್ಕೆ! ಬೆಳಕು ಕಣ್ಣಿನೊಳಗೆ ಹೋಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೆ. ನೋಟ ಹೊರಗೆ ಬಂದು ಹೀಗೆ ಗುರುತು ಹಾಕುವುದನ್ನು ಯಾರೂ ಹೇಳಿರಲಿಲ್ಲ.

"ಸುನಂದಾ, ಹಿಮ್ಮಡಿ ತೋರ್ಸು," ಡಾಕ್ಟರ ದನಿ.

ಚುಕ್ಕೆ ಹಿಮ್ಮಡಿಗೆ ಬಂತು. ಜಾರಿ ಬೆರಳಿಗೆ ಹೋಯಿತು. ಬಂತು. ಮತ್ತೆ ಹೋಯಿತು.

"ನಿನ್ನ ಕಣ್ಣು ಆ ಕಾಲುಂಗುರಕ್ಕೇ ಯಾಕ ಹೋಗಾಕತ್ತದ?"

ನಾನು ಟಿವಿ ಬಿಟ್ಟು ಸುನಂದಾಳತ್ತ ತಿರುಗಿದೆ. ಅವಳು ತಲೆ ತಗ್ಗಿಸಿದಳು. ಮುತ್ತೈದೆ ಅತ್ತೆಗೆ ಕಾಲುಂಗುರ ತೆಗೆಯಿರಿ ಎಂದು ಯಾವ ಸೊಸೆ ಹೇಳುತ್ತಾಳೆ?

"ಅವ್ವಾರ," ಡಾಕ್ಟರು ಈಗ ನನಗೇ ಹೇಳಿದರು, "ಉಂಗುರದ ಕೆಳಗ ಕಪ್ಪಾಗ್ಯಾದ. ಕತ್ತರಿಸಿ ತೆಗೀಬೇಕ್ರಿ. ತಡಾ ಆದ್ರ ಬೆರಳಲ್ಲ, ಪಾದಾನೇ ಹೋಗ್ತದ."

"ಗಂಡ ಇರೂತನಕ ತೆಗ್ಯಂಗಿಲ್ಲ," ಎಂದೆ.

ಯಜಮಾನರು ಮೂಲೆಯ ಕುರ್ಚಿಯಿಂದ ಎದ್ದು ಬಂದರು. "ಹಾಕ್ದಾಂವ ನಾನು. ತೆಗ್ಯಾಂವನೂ ನಾನೇ. ಏನದ ಅದು, ಕೊಡವ್ವ ಇಲ್ಲಿ."

ಉಂಗುರ ಕತ್ತರಿಸುವ ಪುಟ್ಟ ಕಟರ್ ಹಿಡಿದರು; ತಿರುಗಿಸುವುದು ತಿಳಿಯಲಿಲ್ಲ. ಸುನಂದಾ ಆ ಕೈಯ ಮೇಲೆ ತನ್ನ ಕೈ ಇಟ್ಟು ಕಟರ್ ತಿರುಗಿಸಿದಳು. ಚುಕ್ಕೆ ಈಗ ಒಂದಿಷ್ಟೂ ಅಲುಗಲಿಲ್ಲ. ಬೆಳ್ಳಿ ಬಿಟ್ಟುಕೊಂಡಿತು. ಆ ವಾಸನೆ… ಬೇಡ.

ನಾಳೆಯೇ ಕಲಬುರಗಿಗೆ ಅಂತೆ.

ಜುಲೈ 26, ಶನಿವಾರ. ಕಲಬುರಗಿ, ಆಸ್ಪತ್ರೆ

ಬೆರಳು ಹೋಯಿತು. ಪಾದ ಉಳಿಯಿತು. ನಡುವಿನ ದಿನಗಳು ಮಸುಕು.

ಅಂಬರೀನ್ ಡಾಕ್ಟರು ಬಂದಿದ್ದರು. ಅವತ್ತಿನ ವಿಡಿಯೊವನ್ನು ಕಲಿಯುವ ಹುಡುಗರಿಗೆ ತೋರಿಸಲು ನನ್ನ ಒಪ್ಪಿಗೆ ಬೇಕಂತೆ. ಮೊದಲು ನಾನು ನೋಡುತ್ತೇನೆ ಎಂದೆ.

ನೋಡಿದೆ. ಡಾಕ್ಟರು ಪ್ರಶ್ನೆ ಕೇಳುತ್ತಲೇ ಚುಕ್ಕೆ ಉಂಗುರದಿಂದ ಮೇಲೆದ್ದಿತು. ಪರದೆಯ ತುಂಬ ನನ್ನ ಮುಖ! ಹುಬ್ಬು ಗಂಟು. ಕಣ್ಣು ಕೆಂಡ. ಸುನಂದಾಳಿಗೆ ದಿನಾ ಕಾಣುವುದು ಇದೇ ಏನು? ಚುಕ್ಕೆ ಒಂದು ಕ್ಷಣ ನನ್ನ ಕಣ್ಣಿನ ಮೇಲೆ ನಿಂತು ದಡಕ್ಕನೆ ನೆಲಕ್ಕೆ ಬಿತ್ತು. ಆಮೇಲೆ ನೆಲದಿಂದ ಮೆಲ್ಲಗೆ ತೆವಳಿ — ಮತ್ತೆ ಉಂಗುರಕ್ಕೇ ಬಂತು. ಅಷ್ಟು ಹೆದರಿಕೆಯಲ್ಲೂ ಬಂತು.

"ನಿಮ್ಮ ಮಾರಿ ಕಾಣದಂಗ ಮಾಡ್ತೀವ್ರಿ ಅವ್ವಾರ," ಎಂದರು ಡಾಕ್ಟರು.

"ಬ್ಯಾಡ. ಇರ್ಲಿ. ಹುಡುಗ್ರು ನೋಡ್ಲಿ."

ಜುಲೈ 29, ಮಂಗಳವಾರ. ಪಂಚಮಿ

ಸುನಂದಾ ಡ್ಯೂಟಿ ಮುಗಿಸಿ ಬಸ್ಸು ಹಿಡಿದು ಬಂದಳು. ಡಬ್ಬಿಯಲ್ಲಿ ಜೋಳದ ರೊಟ್ಟಿ. ಇನ್ನೊಂದರಲ್ಲಿ ಶೇಂಗಾ ಉಂಡಿ — ವಾರ್ಡಿನವರಿಗೆ. ಹಬ್ಬವೆಂದು ನಮಸ್ಕಾರಕ್ಕೆ ಬಗ್ಗಿದಳು. ಬ್ಯಾಂಡೇಜ್ ಕಂಡು ಕೈ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತಳು.

"ಕಾಲು ಬ್ಯಾಡ," ಎಂದೆ. "ಮಾರಿ ಎತ್ತು. ನನ್ನ ನೋಡು."

ಎತ್ತಿದಳು. ತಿಳಿಗಂದು ಕಣ್ಣು. ಇಷ್ಟು ವರ್ಷ ಒಂದೇ ಮನೆ; ನನಗೆ ಗೊತ್ತಿರಲಿಲ್ಲ. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ,

"ಅತ್ತೀ, ಉಂಡಿ ಒಂದೂ ಮುಟ್ಟಂಗಿಲ್ಲ ನೋಡ್ರಿ. ನಂಗ ಕಾಣ್ತದ," ಎಂದಳು. ಕಣ್ಣು ತಗ್ಗಿಸದೆ.

ನಾನು ನಕ್ಕು, ಉಂಡಿಯ ಡಬ್ಬಿಗೆ ಮುಚ್ಚಳ ಹಾಕಿ ಅವಳ ಕೈಗೇ ಕೊಟ್ಟೆ.