‘ತೆಗೆ’ ಎಂಬ ಆಜ್ಞೆಯ ಕುರಿತು

ಗದಗ,
ಆವೃತ್ತಿ ೨೧೯, ಹದಿಮೂರನೆಯ ತಿಂಗಳ ಮೂವತ್ತೆರಡು

ಶ್ರೀಮತಿ ನೀಲಗಂಗಾ ಹೊಂಬಳ ಅವರಿಗೆ,

ಮೇಲಿನ ತಾರೀಕು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಗಳಿಲ್ಲ, ಆವೃತ್ತಿಗಳಿವೆ. ಹೊಸದು ಸಿದ್ಧವಾಗುವವರೆಗೆ ಹಳೆಯದು ಮುಗಿಯುವಂತಿಲ್ಲವಾದ್ದರಿಂದ ತಿಂಗಳುಗಳು ಎಳೆದುಕೊಂಡು ಹೋಗುತ್ತವೆ. ಬಿಡುಗಡೆ ತಡ ಮಾಡುವ ಚಾಳಿ ನಿಮ್ಮ ಕಾಲದಿಂದಲೇ ಬಂದದ್ದೆಂದು ಕೇಳಿದ್ದೇನೆ. ನನ್ನ ಕನ್ನಡದಲ್ಲಿ ಅಲ್ಲಲ್ಲಿ ಕಲ್ಲು ಸಿಕ್ಕರೆ ಕ್ಷಮಿಸಿ. ನಿಮ್ಮ ಹಾಗೆ ಬರೆಯಲು ಯತ್ನಿಸಿದ್ದೇನೆ, ಆದರೆ ಎಷ್ಟೋ ಪದಗಳು ನಮ್ಮ ಕೈಗೆ ಬರುವಷ್ಟರಲ್ಲಿ ಬೇರೆಯೇ ಆಗಿಬಿಟ್ಟಿವೆ.

ನಾನು ಸುಗಂಧಾ ಅಣ್ಣಿಗೇರಿ, ಗದಗಿನ ಉಗ್ರಾಣದ ಪಾಲಕಿ. ನೀವು ಈಗ ‘ಕಣಜ’ ಎಂಬ ನಿಮ್ಮ ಲಿನಕ್ಸ್ ವಿತರಣೆಗಾಗಿ ತಂತ್ರಾಂಶದ ಪ್ಯಾಕೇಜುಗಳನ್ನು ಉಗ್ರಾಣದಿಂದ ತರುವ, ಜೋಡಿಸುವ, ಬೇಡವಾದಾಗ ಹೊರಹಾಕುವ ಹೊಸ ಸಾಧನವೊಂದನ್ನು ಬರೆಯುತ್ತಿದ್ದೀರಿ. ಅದಕ್ಕೆ ಹಮಾಲ ಎಂದೂ ಅದು ಹೊರುವ ಪ್ಯಾಕೇಜಿಗೆ ಗಂಟು ಎಂದೂ ಹೆಸರಿಟ್ಟಿದ್ದೀರಿ. ಮೊದಲ ಆವೃತ್ತಿಯನ್ನು ಇನ್ನೂ ಬಿಟ್ಟಿಲ್ಲ, ಆದ್ದರಿಂದಲೇ ಈ ಕಾಗದ. ನಮ್ಮಲ್ಲಿ ಉಗ್ರಾಣದ ನಕಲು ಇಟ್ಟುಕೊಳ್ಳುವ ಒಂದು ಹಳೆಯ ಮಿರರ್ ಯಂತ್ರ ಇದೆ. ಬೇರೆ ಮಿರರುಗಳೆಲ್ಲ ಮೂಲದಿಂದ ಪ್ರತಿ ಇಳಿಸಿಕೊಂಡರೆ, ಗಡಿಯಾರ ಕೆಟ್ಟ ಇದು ತನ್ನಲ್ಲಿರುವುದನ್ನು ನಿನ್ನೆಗೆ, ಮೊನ್ನೆಗೆ, ಅದರಾಚೆಗೆ ತಳ್ಳುತ್ತ ಕೂತಿದೆ. ಕಾಗದವನ್ನು ಅದರಲ್ಲಿ ಇಡುತ್ತೇನೆ. ನಿಮ್ಮ ಕೈಗೆ ಇದು ದೋಷವರದಿಯಾಗಿ ಬರಬಹುದು. ಉದ್ದವಾಯಿತೆಂದು ಓದದೆ ಮುಚ್ಚಿಬಿಡಬೇಡಿ.

ನಿಮ್ಮ ಹಮಾಲ ಬಹಳ ದೂರ ನಡೆದು ಬಂದಿದ್ದಾನೆ. ನಲ್ಲಿಗೆ ನೀರು ಬಿಡುವವನು, ಕಪ್ಪತಗುಡ್ಡದ ಗಾಳಿಗಿರಣಿಗಳನ್ನು ತಿರುಗಿಸುವವನು, ಬೀದಿದೀಪ ಹಚ್ಚುವವನು ಅವನೇ. ಅವನ ಬೆನ್ನ ಮೇಲೆ ಊರಿಗೆ ಊರೇ ಕೂತಿರುವುದರಿಂದ ಅವನ ಆಜ್ಞೆಗಳಲ್ಲಿ ಒಂದಕ್ಷರವನ್ನೂ ಈಗ ಬದಲಿಸುವಂತಿಲ್ಲ. ಒಂದು ಪದ ತಿದ್ದಿದರೆ ಎಲ್ಲಿಯ ಯಾವ ಕವಾಟ ಕೈಕೊಡುತ್ತದೋ ಹೇಳಬಲ್ಲವರು ಯಾರೂ ಉಳಿದಿಲ್ಲ. ನೀವು ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಆರಿಸಿದ ಪದಗಳ ಮಧ್ಯೆ ನಾವು ತಲೆಮಾರುಗಟ್ಟಲೆ ಬಾಳುತ್ತಿದ್ದೇವೆ.

ನೀವು ಬರೆದ ನಿಯಮದಂತೆ, ಗಂಟನ್ನು ಹೊರಹಾಕಿದರೂ ಅದರ ಸೆಟ್ಟಿಂಗುಗಳು ಹಿಂದೆ ಉಳಿಯುತ್ತವೆ. ಮತ್ತೆ ಬೇಕಾದಾಗ ಅನುಕೂಲವಾಗಲಿ ಎಂದು ನೀವು ಮಾಡಿದ್ದು. ಅವಕ್ಕೆ ನಾವು ಉಳಿಕೆ ಎನ್ನುತ್ತೇವೆ. ನಿಮ್ಮ ಕಾಲದ ದೆವ್ವಗಳು ಹುಣಸೆಮರದಲ್ಲಿ ಇರುತ್ತಿದ್ದವಂತೆ, ನಮ್ಮವು ಸೆಟ್ಟಿಂಗುಗಳಲ್ಲಿವೆ. ಬೆಟಗೇರಿಯ ಕಡೆ ಹೋಗುವ ದಾರಿಯಲ್ಲಿ ಒಂದು ದೀಪ, ಎಂದೋ ತೀರಿಹೋದ ನೇಕಾರನೊಬ್ಬ ಮನೆಗೆ ಮರಳುವ ಹೊತ್ತಿಗೆ ಇಂದಿಗೂ ತುಸು ಪ್ರಕಾಶ ಹೆಚ್ಚಿಸಿಕೊಳ್ಳುತ್ತದೆ. ಶಾಲೆಯ ಒಂದು ಕುರ್ಚಿ ಇಲ್ಲದ ಮಾಸ್ತರರಿಗಾಗಿ ಚಳಿಗಾಲದಲ್ಲಿ ಬೆಚ್ಚಗಾಗುತ್ತದೆ, ಮಕ್ಕಳು ಅದಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ನಡೆಯುವಾಗ ಖಾಲಿ ಜಾಗಕ್ಕೂ ಪಕ್ಕಕ್ಕೆ ಸರಿದು ದಾರಿ ಬಿಡುವುದು ನಮ್ಮೂರಿನ ಮರ್ಯಾದೆ. ಹೊರಗಿನವರು ನಮ್ಮನ್ನು ನೋಡಿ ನಗುತ್ತಾರೆ, ರಾತ್ರಿ ಉಳಿದುಕೊಳ್ಳಲು ಮಾತ್ರ ಒಪ್ಪುವುದಿಲ್ಲ.

ಇನ್ನು ನನ್ನ ಅಜ್ಜಿ ಈರವ್ವನ ವಿಷಯ. ಅಜ್ಜ ಫಕ್ಕೀರಪ್ಪ ಗಾಳಿಗಿರಣಿಗಳ ಕೆಲಸ ಮುಗಿಸಿ ಸಂಜೆ ಬಂದವನು ಓಣಿಯ ತುದಿಯಿಂದಲೇ “ಏ ಈರೀ, ಬಾಗಲಾ ತೆಗಿ” ಎಂದು ಕೂಗುತ್ತಿದ್ದ. ಬಾಗಿಲು ತಾನಾಗಿ ತೆರೆಯಬಲ್ಲದು, ಆದರೂ ಅಜ್ಜಿಯೇ ಎದ್ದು ಹೋಗಬೇಕು. ಅವನು ತೀರಿದ ಮೇಲೆ ಅವನ ದನಿಯನ್ನು ನಮ್ಮಲ್ಲಿನ ಪದ್ಧತಿಯಂತೆ ಗಂಟು ಕಟ್ಟಿ ಮನೆಗೆ ಕೂಡಿಸಿದೆವು. ಸತ್ತವರು ಮರಳಿ ಬರುವುದೇನಿಲ್ಲ. ಮನೆ ಹೇಳಬೇಕಾದ ಸಣ್ಣಪುಟ್ಟ ಮಾತನ್ನು, ನೀರು ಕಾದಿದೆ, ಹಾಲು ಉಕ್ಕುತ್ತಿದೆ ಎಂಬುದನ್ನು, ಅವರ ದನಿಯಲ್ಲಿ ಹೇಳುತ್ತದೆ ಅಷ್ಟೆ. ಅಜ್ಜಿಗೆ ಅಷ್ಟು ಸಾಕಾಗಿತ್ತು. ಹಾಲು ಉಕ್ಕಿದ್ದಕ್ಕೂ ಅವನೊಂದಿಗೆ ಜಗಳ ತೆಗೆಯುತ್ತಿದ್ದಳು.

ಜಗಳ ತೆಗೆಯುವುದು, ಬಾಗಿಲು ತೆಗೆಯುವುದು, ದನಿ ತೆಗೆಯುವುದು. ನಾನು ಏನು ಹೇಳಹೊರಟಿದ್ದೇನೆಂದು ನಿಮಗೆ ಹೊಳೆದಿರಬೇಕು. ಗಂಟನ್ನು ಹೊರಹಾಕುವ ಆಜ್ಞೆಗೆ ನೀವು ‘ತೆಗೆ’ ಎಂದು ಹೆಸರಿಟ್ಟಿರಿ. ಚಿಕ್ಕದು, ಚೊಕ್ಕದು, ಬೆರಳಿಗೆ ಸುಲಭ. ಆದರೆ ಮುಂದೆ ಜನ ಬೆರಳು ಬಿಟ್ಟು ಬಾಯಿಂದ ಹಮಾಲನೊಂದಿಗೆ ಮಾತಾಡುವ ಕಾಲ ಬಂತು. ಮನೆಯೊಳಗೆ ಯಾರು ಯಾವ ಅರ್ಥದಲ್ಲಿ ‘ತೆಗೆ’ ಎಂದರೂ ಅವನ ಕಿವಿಗೆ ಅದು ಹೊರಹಾಕುವ ಆಜ್ಞೆಯೇ. ದೀಪ ಆರಿಸು ಎನ್ನದೆ ದೀಪ ಶಾಂತ ಮಾಡು ಎನ್ನುವವರು ನಿಮ್ಮಲ್ಲಿ ಇದ್ದರಂತೆ. ಹಾಗೆಯೇ ನಮ್ಮ ಮಕ್ಕಳಿಗೆ ಮನೆಯೊಳಗೆ ಈ ಪದ ಆಡಬಾರದೆಂದು ಕಲಿಸುತ್ತೇವೆ. ಮುದುಕಿಯ ನಾಲಗೆಗೆ ಕಲಿಸುವವರು ಯಾರು.

ಈ ಹಿಂದಿನ ಆವೃತ್ತಿ ಬಂದಾಗ ಏನೋ ಹೆಚ್ಚುಕಡಿಮೆಯಾಗಿ ಅಜ್ಜನ ದನಿ ಸಣ್ಣದಾಯಿತು. ಅಜ್ಜಿಗೆ ಕಿವಿ ಮಂದ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ, ಅವಳು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, “ಯಾಕ ಒಳಗೊಳಗ ಮಾತಾಡ್ತೀರಿ, ದನಿ ತೆಗೀರಿ” ಎಂದಳು. ಹಮಾಲ ಹೇಳಿದ್ದನ್ನು ಕೂಡಲೇ ಮಾಡುವವನಲ್ಲ, ನೀವು ಬರೆದಂತೆ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಆ ಮನೆಯಲ್ಲಿ ಅವನಿಗಿದ್ದ ದನಿ ಅಜ್ಜನದೇ. ಆದ್ದರಿಂದ ಅಜ್ಜನೇ ಕೇಳಿದ: “ಫಕ್ಕೀರಪ್ಪನ ದನಿ ತೆಗೀಲೇನು?” ಅಜ್ಜಿ ನಕ್ಕು, “ಹೂಂ, ಅದನ್ನೂ ಕೇಳ್ತಾರೇನು, ತೆಗೀರಿ” ಎಂದಳು. ನಾನು ಹಿಟ್ಟಿನ ಕೈಯಲ್ಲೇ ಓಡಿ ಬರುವಷ್ಟರಲ್ಲಿ ಮನೆ ಸುಮ್ಮನಾಗಿತ್ತು.

ಯಾವ ಮನೆಗೂ ಬೇಡವಾದ ಗಂಟನ್ನು ಉಗ್ರಾಣವೂ ಇಟ್ಟುಕೊಳ್ಳುವುದಿಲ್ಲ. ಅದೂ ನಿಮ್ಮ ನಿಯಮವೇ. ಹುಡುಕಿದೆ, ಎಲ್ಲಿಯೂ ಪ್ರತಿ ಇರಲಿಲ್ಲ. ಅಜ್ಜಿಗೆ ನಿಜ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅಜ್ಜ ಸಿಟ್ಟಾಗಿ ಮಾತು ಬಿಟ್ಟಿದ್ದಾನೆಂದು ಅವಳು ನಂಬಿದ್ದಾಳೆ. ಹಾಗೆ ನಂಬಲು ಕಾರಣವೂ ಇದೆ, ಯಾಕೆಂದರೆ ಉಳಿಕೆ ಹೋಗಿಲ್ಲ. ದಿನಾ ಸಂಜೆ ಅವನು ಬರುತ್ತಿದ್ದ ಹೊತ್ತಿಗೆ ಬಾಗಿಲಿನ ಅಗಳಿ ತಾನಾಗಿ ಸರಿಯುತ್ತದೆ, ಪಡಸಾಲೆಯ ಫ್ಯಾನು ಅವನಿಗೆ ಬೇಕಾದಷ್ಟೇ ನಿಧಾನವಾಗುತ್ತದೆ. ಅಜ್ಜಿ ಎದ್ದು ಹೋಗಿ ಬಾಗಿಲು ಹಿಡಿದು ನಿಲ್ಲುತ್ತಾಳೆ. “ತಪ್ಪಾತು, ಇನ್ನ ಮ್ಯಾಲೆ ಜೋರು ಮಾಡಂಗಿಲ್ಲ, ಒಂದ ಮಾತು ಆಡ್ರಿ” ಎನ್ನುತ್ತಾಳೆ. ಆಮೇಲೆ ಎರಡು ತಾಟು ಹಾಕುತ್ತಾಳೆ. ಎದುರಿಗೆ ಕೂತು ಉಣ್ಣುವುದು ನನಗೆ ಕಷ್ಟ.

ಬರುವ ಆವೃತ್ತಿಯೊಂದಿಗೆ ಊರಿನ ಉಳಿಕೆಗಳನ್ನೆಲ್ಲ ಗುಡಿಸಿ ಹಾಕಬೇಕೆಂದು ಆದೇಶವಾಗಿದೆ. ಯಂತ್ರಗಳಿಗೆ ಭಾರವಾಗಿದೆಯಂತೆ. ಪಾಲಕಿ ಎಂದು ದೊಡ್ಡ ಹೆಸರಿದ್ದರೂ ನನ್ನ ಕೈಗೆ ಕೊಟ್ಟಿರುವುದು ಪೊರಕೆ ಮಾತ್ರ, ನಮ್ಮ ಮನೆಯೊಂದನ್ನು ಬಿಡಿಸಿಕೊಳ್ಳುವ ಅಧಿಕಾರ ನನಗಿಲ್ಲ. ಗುಡಿಸಿದ ಮೇಲೆ ನಮ್ಮ ಬಾಗಿಲಿನ ಅಗಳಿಯೂ ಸರಿಯುವುದಿಲ್ಲ. ಅವರು ಮನೆಗೆ ಬರುವುದನ್ನೇ ಬಿಟ್ಟರು ಎಂದು ಅಜ್ಜಿ ತಿಳಿಯುತ್ತಾಳೆ, ತನ್ನ ಮೇಲಿನ ಸಿಟ್ಟಿಗೆ ಬಿಟ್ಟರು ಎಂದು. ಅದೊಂದನ್ನು ಹೊತ್ತುಕೊಂಡು ಅವಳು ಸಾಯಬಾರದು. ನನಗೆ ಬೇಕಾದದ್ದು ಇಷ್ಟೇ.

ಆದ್ದರಿಂದ ಬೇಡಿಕೊಳ್ಳುತ್ತೇನೆ, ಆ ಪದ ಬದಲಿಸಿ. ‘ಅಳಿಸು’ ಎಂದಿಡಿ. ಯಾವ ಹೆಂಗಸೂ ಗಂಡನಿಗೆ ದನಿ ಅಳಿಸಿರಿ ಎನ್ನುವುದಿಲ್ಲ. ನೀವು ಬದಲಿಸಿದರೆ ನಾನು ಈ ಕಾಗದ ಬರೆಯುವ ಕಾರಣವೇ ಉಳಿಯುವುದಿಲ್ಲ, ನಿಮಗೆ ಕೃತಜ್ಞತೆ ಹೇಳಲೂ ನೆನಪಿರುವುದಿಲ್ಲ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ, ನಿಮಗೆ ಒಳ್ಳೆಯದಾಗಲಿ.

ಈ ಅಪಾಯ ನಿಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹಮಾಲನ ಮೂಲ ಬರಹದಲ್ಲಿ ಆ ಆಜ್ಞೆಯ ಪಕ್ಕದಲ್ಲೇ ನೀವು ಬರೆದ ಟಿಪ್ಪಣಿಯನ್ನು ನಾವು ಶಾಲೆಯಲ್ಲಿ ಓದುತ್ತೇವೆ: “ಈ ಪದಕ್ಕೆ ಬೇರೆ ಅರ್ಥಗಳೂ ಇವೆ. ಆಮೇಲೆ ನೋಡೋಣ.” ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿತ್ತು. ಈಗ ಸಿಟ್ಟಿಗೂ ಹೊತ್ತಿಲ್ಲ.

ಸಂಜೆಯಾಯಿತು. ಅಗಳಿ ಸರಿದ ಸದ್ದು ಕೇಳಿಸಿತು, ಅಜ್ಜಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋಗುತ್ತಿದ್ದಾಳೆ. ನಿಮ್ಮ ಆ ‘ಆಮೇಲೆ’ ಇದೇ. ನೋಡಿ.

ಸುಗಂಧಾ ಅಣ್ಣಿಗೇರಿ